ಸಿಂಗಪುರ ಪ್ರವಾಸದಲ್ಲಿ ಚೀಲ ಕಾಯುವವರ ಬಗ್ಗೆ

ಕುಟುಂಬ ವಿದೇಶ ಪ್ರವಾಸ ಇಲಾಖೆ
ಕೇಂದ್ರ ಕಚೇರಿ: ಊಟದ ಮೇಜು, ಎರಡನೇ ಮಹಡಿ, ಅರೆಕೆರೆ, ಬೆಂಗಳೂರು

ಸಂಖ್ಯೆ: ಕುವಿಪ್ರ/ಸಿಂಗ/೪/ಅತಿ ತುರ್ತು
ದಿನಾಂಕ: ಶುಕ್ರವಾರ, ಬೆಳಗಿನ ಉಪ್ಪಿಟ್ಟಿನ ನಂತರ

ಸುತ್ತೋಲೆ

ವಿಷಯ: ದಸರಾ ರಜೆಯಲ್ಲಿ ಸಿಂಗಪುರದ ವಿನೋದ ಉದ್ಯಾನಕ್ಕೆ ತೆರಳಲು ಟಿಕೆಟ್ ಕಾದಿರಿಸುವುದು, ಸರದಿಯಲ್ಲಿ ನಿಲ್ಲುವುದು, ಕಿರುಚುವುದು ಹಾಗೂ ಚೀಲ ಕಾಯುವುದರ ಕುರಿತು.

ಉಲ್ಲೇಖ:
೧. ಕುಮಾರಿ ಲಿಖಿತಾ, ಮೂರನೇ ತರಗತಿ, ಇವರು ನೆಲದ ಮೇಲೆ ಉರುಳಾಡಿ ಸಲ್ಲಿಸಿದ ಮೌಖಿಕ ಮನವಿ.
೨. ಈ ಇಲಾಖೆಯ ಸುತ್ತೋಲೆ ಒಂದರಿಂದ ಮೂರು. ಇವುಗಳನ್ನು ಯಾರೂ ಓದಿಲ್ಲವೆಂದು ತಿಳಿದುಬಂದಿದೆ.
೩. ಶ್ರೀಮತಿ ಬಸವಲಿಂಗಮ್ಮನವರ ಮೌನ. ಬುಧವಾರ ಸಂಜೆಯಿಂದ ಜಾರಿಯಲ್ಲಿದೆ.

ಪ್ರಸ್ತಾವನೆ:

ದಸರಾ ರಜೆಯಲ್ಲಿ ಈ ಮನೆಯ ಐವರೂ ಸಿಂಗಪುರಕ್ಕೆ ಹೋಗಿಬರುವುದೆಂದು ಸರ್ವಾನುಮತದಿಂದ ತೀರ್ಮಾನವಾಗಿರುವುದು ಸರಿಯಷ್ಟೆ. ಐವರೆಂದರೆ ನಿವೃತ್ತ ಕಚೇರಿ ಅಧೀಕ್ಷಕರೂ ಈ ಇಲಾಖೆಯ ಮುಖ್ಯಸ್ಥರೂ ಆದ ಶ್ರೀ ಸೋಮಲಿಂಗಪ್ಪನವರು (ಇನ್ನು ಮುಂದೆ ‘ಕೆಳಸಹಿದಾರರು’), ಅವರ ಧರ್ಮಪತ್ನಿ ಬಸವಲಿಂಗಮ್ಮನವರು, ಮಗ ಸೋಮನಾಥ್, ಸೊಸೆ ತೇಜಸ್ವಿನಿ ಮತ್ತು ಮೊಮ್ಮಗಳು ಲಿಖಿತಾ. ಮೂವತ್ತನಾಲ್ಕು ವರ್ಷ ಕಡತಗಳ ನಡುವೆಯೇ ಬಾಳಿದ ಕೆಳಸಹಿದಾರರ ಕೈಗೆ ಇಷ್ಟು ಸಂತೋಷದ ಕಡತ ಹಿಂದೆಂದೂ ಬಂದಿರಲಿಲ್ಲ. ಪಾಸ್‌ಪೋರ್ಟ್ ಬಂದ ದಿನ ಅವರು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದರೆಂಬ ಆರೋಪದಲ್ಲಿ ಹುರುಳಿದೆ.

ಆದರೆ ಬುಧವಾರ ಸಂಜೆ ಅನಿರೀಕ್ಷಿತ ಅಡಚಣೆಯುಂಟಾಗಿ, ಬಸವಲಿಂಗಮ್ಮನವರು ತಾವು ಬರುವುದಿಲ್ಲವೆಂದು ಘೋಷಿಸಿರುತ್ತಾರೆ. ಟಿಕೆಟ್ ಕಾದಿರಿಸಲು ನಾಳೆ, ಅಂದರೆ ಶನಿವಾರ ಸಂಜೆ ಐದು ಗಂಟೆ ಕಡೆಯ ಗಡುವು. ಅಜ್ಜಿ ಬಾರದಿದ್ದರೆ ತಾನೂ ಬಾರೆನೆಂದು ಲಿಖಿತಾ ಅವರು ಮಂಚದಡಿಯಿಂದ ತಿಳಿಸಿದ್ದಾರೆ. ಕೆಳಸಹಿದಾರರಿಗಂತೂ ಬಸವಲಿಂಗಮ್ಮನವರಿಲ್ಲದೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿಬರುವುದಕ್ಕೂ ಮನಸ್ಸಿಲ್ಲ, ಸಿಂಗಪುರದ ಮಾತು ಹಾಗಿರಲಿ. ಆದ್ದರಿಂದ ಹಿಂದಿನ ಸುತ್ತೋಲೆಗಳನ್ನೆಲ್ಲ ಒಟ್ಟುಗೂಡಿಸಿ, ಮುಖ್ಯವಾದ ಒಂದು ತಿದ್ದುಪಡಿಯೊಂದಿಗೆ ಈ ಆದೇಶವನ್ನು ಹೊರಡಿಸಿದೆ. ಸರ್ವರೂ ಕೊನೆಯವರೆಗೆ ಓದತಕ್ಕದ್ದು. ಬಸವಲಿಂಗಮ್ಮನವರಿಗೆ ಮಾತ್ರ ನೇರವಾಗಿ ಕಂಡಿಕೆ ೯ಕ್ಕೆ ಹೋಗಲು ವಿನಾಯಿತಿ ಇದೆ.

೧. ಅರೆಕೆರೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವುದನ್ನು ಪ್ರವಾಸದ ಮೊದಲನೇ ದಿನವೆಂದು ಪರಿಗಣಿಸತಕ್ಕದ್ದು. ಹೆಬ್ಬಾಳದ ಮೇಲ್ಸೇತುವೆ ದಾಟುವ ಮುನ್ನ ‘ಫಾರಿನ್‌ಗೆ ಹೊರಟಿದ್ದೇವೆ’ ಎಂದು ನೆಂಟರಿಷ್ಟರಿಗೆ ಫೋನ್ ಮಾಡುವುದನ್ನು ನಿರ್ಬಂಧಿಸಿದೆ.

೨. ಟಿಕೆಟ್ ಕಾದಿರಿಸುವಾಗ ಒಟಿಪಿಯು ಕೆಳಸಹಿದಾರರ ಫೋನಿಗೆ ಬರುತ್ತದೆ. ಹೀಗೆ ಬಂದ ಒಟಿಪಿಯನ್ನು ಆವಕ ವಹಿಯಲ್ಲಿ ನಮೂದಿಸಿ, ಕ್ರಮಸಂಖ್ಯೆ ಕೊಟ್ಟು, ಸೀಲು ಒತ್ತಿ, ಆಮೇಲೆ ಸೋಮನಾಥ್ ಅವರಿಗೆ ಕೂಗಿ ಹೇಳುವುದು ಇದುವರೆಗಿನ ಪದ್ಧತಿ. ಇದರಿಂದ ಈಗಾಗಲೇ ಮೂರು ಒಟಿಪಿಗಳು ಕೆಲಸಕ್ಕೆ ಹಾಜರಾಗುವ ಮೊದಲೇ ವಯೋನಿವೃತ್ತಿ ಹೊಂದಿವೆ. “ಮಾವ, ಮೊದ್ಲು ನಂಬರ್ ಹೇಳ್ಬಿಡಿ, ಆಮೇಲೆ ಎಷ್ಟ್ ಬೇಕಾದ್ರೂ ಸೀಲ್ ಹಾಕ್ಕೊಳಿ” ಎಂಬ ತೇಜಸ್ವಿನಿಯವರ ಸಲಹೆಯನ್ನು ಪರಿಶೀಲಿಸಿ ಅಂಗೀಕರಿಸಿದೆ.

೩. ಉದ್ಯಾನದಲ್ಲಿ ಪ್ರತಿ ಸವಾರಿಗೂ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬೇಕಾಗಬಹುದಾದ್ದರಿಂದ, ಭಾನುವಾರ ಬೆಳಿಗ್ಗೆ ಜಯನಗರದ ದೋಸೆ ಹೋಟೆಲಿನ ಮುಂದೆ ನಿಂತು ಅಭ್ಯಾಸ ಮಾಡತಕ್ಕದ್ದು. ಸರದಿ ಬಂದೊಡನೆ ಒಳಗೆ ಹೋಗದೆ, ಹಿಂದಿರುಗಿ ಪುನಃ ಕೊನೆಯಲ್ಲಿ ನಿಲ್ಲತಕ್ಕದ್ದು. ಹೀಗೆ ಮೂರು ಸುತ್ತು. ಕಳೆದ ಭಾನುವಾರ ಎರಡನೇ ಸುತ್ತಿನಲ್ಲಿ ಸೋಮನಾಥ್ ಅವರು “ಅಪ್ಪಾ, ನನ್ ಕೈಲಿ ಆಗಲ್ಲ, ತುಪ್ಪದ ವಾಸ್ನೆ ಬರ್ತಿದೆ” ಎಂದು ಕೂಗಿ ಒಳನುಗ್ಗಿ ಎರಡು ಮಸಾಲೆ ದೋಸೆ ತಿಂದಿರುತ್ತಾರೆ. ಲಿಖಿತ ವಿವರಣೆ ಕೇಳಲಾಗಿ, “ಸಖತ್ತಾಗಿತ್ತು” ಎಂದಷ್ಟೇ ಬರೆದುಕೊಟ್ಟಿದ್ದಾರೆ. ಇದು ತೃಪ್ತಿಕರವಲ್ಲ.

೪. ದೊಡ್ಡ ಸವಾರಿಗೆ ಮಕ್ಕಳ ಎತ್ತರ ನೂರಿಪ್ಪತ್ತೆರಡು ಸೆಂಟಿಮೀಟರ್ ಇರಬೇಕೆಂದಿದ್ದು, ಲಿಖಿತಾ ಅವರು ಸದ್ಯ ನೂರಿಪ್ಪತ್ತೊಂದೂವರೆಯಲ್ಲಿದ್ದಾರೆ. ಬಾಕಿ ಅರ್ಧ ಸೆಂಟಿಮೀಟರನ್ನು ದಸರಾದೊಳಗೆ ಸ್ವಂತ ಪ್ರಯತ್ನದಿಂದ ಭರ್ತಿ ಮಾಡಿಕೊಳ್ಳತಕ್ಕದ್ದು. ಜುಟ್ಟನ್ನು ಎತ್ತರವೆಂದು ಪರಿಗಣಿಸಲಾಗದು. ಕಿಟಕಿಯ ಸರಳಿಗೆ ಜೋತುಬೀಳುವ ಅವಧಿ ದಿನಕ್ಕೆ ಹತ್ತು ನಿಮಿಷ ಮೀರಬಾರದು; ಆ ಅವಧಿಯಲ್ಲಿ ಹದಿಮೂರರ ಮಗ್ಗಿ ಹೇಳತಕ್ಕದ್ದು.

೫. ರೋಲರ್ ಕೋಸ್ಟರಿನ ಪೂರ್ವಾಭ್ಯಾಸಕ್ಕೆ ಪ್ರತ್ಯೇಕ ಏರ್ಪಾಡು ಅನಗತ್ಯ. ಅರೆಕೆರೆಯಿಂದ ಕೋಣನಕುಂಟೆ ಕ್ರಾಸಿನವರೆಗೆ ಆಟೋದಲ್ಲಿ ಕಂಬಿ ಹಿಡಿಯದೆ ಕುಳಿತರೆ ಸಾಕು.

೬. ಸವಾರಿಯ ವೇಳೆ ಕಿರುಚುವುದಕ್ಕೆ ತಾತ್ವಿಕ ಒಪ್ಪಿಗೆ ಇದೆ. ಕಿರುಚಾಟದ ಮಾಧ್ಯಮ ಕನ್ನಡವಾಗಿರತಕ್ಕದ್ದು. ಏರುವಾಗ ‘ಅಯ್ಯೋ’, ತುದಿಯಲ್ಲಿ ‘ಅಯ್ಯಯ್ಯೋ’, ಇಳಿಯುವಾಗ ‘ಶಿವನೇ’ ಎಂಬ ಅನುಕ್ರಮವನ್ನು ಪಾಲಿಸತಕ್ಕದ್ದು. ತಲೆಕೆಳಗಾಗಿರುವಾಗ ಹೊರಡುವ ಉದ್ಗಾರಗಳಿಗೆ ಇಲಾಖೆ ಜವಾಬ್ದಾರಿಯಲ್ಲ. ಆ ಪದಗಳನ್ನು ಲಿಖಿತಾ ಅವರು ಶಾಲೆಯಲ್ಲಿ ಬಳಸುವಂತಿಲ್ಲ.

೭. ಕರಡಿ, ಇಲಿ, ಬಾತುಕೋಳಿ ಮುಂತಾದ ವೇಷಧಾರಿಗಳೊಂದಿಗೆ ಫೋಟೊ ತೆಗೆಸಿಕೊಳ್ಳಬಹುದು. ಆದರೆ ವೇಷದೊಳಗಿರುವವರನ್ನು ಯಾವ ಊರು, ಮದುವೆ ಆಗಿದೆಯೇ, ಸೆಖೆಗೆ ಮಜ್ಜಿಗೆ ಬೇಕೇ ಎಂದೆಲ್ಲ ವಿಚಾರಿಸಬಾರದು. ಈ ಕಂಡಿಕೆಯು ವಿಶೇಷವಾಗಿ ಕೆಳಸಹಿದಾರರಿಗೆ ಅನ್ವಯಿಸುತ್ತದೆ.

೮. ಚಟ್ನಿಪುಡಿ: ತಲೆಗೊಂದು ಡಬ್ಬ. ಚಕ್ಕುಲಿ: ಮಿತಿ ಇಲ್ಲ.

೯. ಚೀಲ ಕಾಯುವುದು. ಈ ಕುಟುಂಬವು ಎಲ್ಲಿಗೇ ಹೊರಡಲಿ, ಐದಾರು ಚೀಲ, ಒಂದು ಬುತ್ತಿ ಮತ್ತು ಎಲ್ಲರೂ ಬಿಚ್ಚಿಟ್ಟ ಚಪ್ಪಲಿಗಳು ಇರುವುದು ವಾಡಿಕೆ. ಅವುಗಳನ್ನು ಯಾರಾದರೊಬ್ಬರು ಕಾಯುವುದೂ ವಾಡಿಕೆ. ಆ ಒಬ್ಬರು ಯಾರೆಂಬ ಬಗ್ಗೆ ಯಾವ ಆದೇಶವೂ ಹೊರಟಿಲ್ಲ. ಆದಾಗ್ಯೂ ಮದುವೆಯಾದಂದಿನಿಂದ ಬಸವಲಿಂಗಮ್ಮನವರೇ ಆ ಹುದ್ದೆಯಲ್ಲಿ ಮುಂದುವರಿದಿದ್ದಾರೆ. ವರ್ಗಾವಣೆ ಇಲ್ಲ, ಬಡ್ತಿ ಇಲ್ಲ, ಒಂದು ದಿನದ ಸಾಂದರ್ಭಿಕ ರಜೆಯೂ ಇಲ್ಲ.

ಬುಧವಾರ ಅರ್ಜಿ ತುಂಬುವಾಗ, ‘ಸವಾರಿ ಮಾಡುವವರು’ ಎಂಬ ಅಂಕಣದಲ್ಲಿ ನಾಲ್ವರ ಹೆಸರನ್ನೂ, ‘ಸವಾರಿ ಮಾಡದವರು’ ಎಂಬಲ್ಲಿ ಬಸವಲಿಂಗಮ್ಮನವರ ಹೆಸರನ್ನೂ ಕೆಳಸಹಿದಾರರು ತಾವೇ ಬರೆಸಿದರು. ಅವರನ್ನು ಒಂದು ಮಾತು ಕೇಳಲಿಲ್ಲ. ಹಿಂದಿನ ಪದ್ಧತಿಯನ್ನು ಅನುಸರಿಸಿದ್ದೇ ಹೊರತು ದುರುದ್ದೇಶವಿರಲಿಲ್ಲ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಬಸವಲಿಂಗಮ್ಮನವರು ಲ್ಯಾಪ್‌ಟಾಪಿನ ಪರದೆಯನ್ನು ನೋಡಿ ನುಡಿದದ್ದನ್ನು ಯಥಾವತ್ತಾಗಿ ದಾಖಲಿಸಿದೆ:

“ನಲ್ವತ್ತೊಂದು ವರ್ಷದಿಂದ ನಿಮ್ ಬ್ಯಾಗ್ ಕಾಯ್ಕೊಂಡು ಕೂತಿದ್ದೀನಿ ರೀ. ಅದನ್ನ ಮಾಡಕ್ಕೆ ಸಿಂಗಪುರಕ್ಕೆ ಬೇರೆ ಹೋಗ್ಬೇಕಾ? ಇಲ್ಲೇ ಅರೆಕೆರೆಲೇ ಕೂತ್ಕೋತೀನಿ, ನೀವೆಲ್ಲಾ ಹೋಗ್ಬನ್ನಿ. ಇವಳಿಗೂ ಒಂದ್ಸಲ ಮೇಲಕ್ಕೆ ಹೋಗಿ ನೋಡೋ ಆಸೆ ಇರ್ಬೋದು ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲವೆಂಬುದು ಕಡತಗಳ ಪರಿಶೀಲನೆಯಿಂದ ದೃಢಪಟ್ಟಿದೆ. ಅಂದಿನಿಂದ ಕೆಳಸಹಿದಾರರಿಗೆ ಊಟ ರುಚಿಸುತ್ತಿಲ್ಲ. ಉಪ್ಪು ಸರಿಯಾಗಿಯೇ ಇದೆ.

೧೦. ಈ ಸಂದರ್ಭದಲ್ಲಿ, ಮರೆಮಾಚಲಾಗಿದ್ದ ಒಂದು ಮಾಹಿತಿಯನ್ನು ಬಹಿರಂಗಪಡಿಸುವುದು ಸೂಕ್ತವೆಂದು ಭಾವಿಸಲಾಗಿದೆ. ಮದುವೆಯಾದ ವರ್ಷ ವಸ್ತುಪ್ರದರ್ಶನಕ್ಕೆ ಹೋದಾಗ ಕೆಳಸಹಿದಾರರು ಸಹೋದ್ಯೋಗಿಗಳ ಜೊತೆ ಜೈಂಟ್ ವೀಲ್ ಹತ್ತಿದರು. ಬಸವಲಿಂಗಮ್ಮನವರು ಕೆಳಗೆ ಚೀಲಗಳ ಬಳಿ ಉಳಿದರು. ಇಳಿದು ಬಂದಾಗ ಅವರು ಕಣ್ಣರಳಿಸಿ “ಮೇಲಿಂದ ಏನೇನ್ ಕಾಣ್ತು ರೀ?” ಎಂದು ಕೇಳಿದ್ದಕ್ಕೆ, ಕೆಳಸಹಿದಾರರು “ಊರೆಲ್ಲಾ ಕಾಣ್ತು ಕಣೆ” ಎಂದು ಉತ್ತರಿಸಿದ್ದರು. ಸದರಿ ಉತ್ತರ ಶುದ್ಧ ಸುಳ್ಳು. ಹತ್ತಿದ ಕ್ಷಣದಿಂದ ಇಳಿಯುವವರೆಗೆ ಕೆಳಸಹಿದಾರರು ಕಣ್ಣು ಮುಚ್ಚಿಕೊಂಡೇ ಇದ್ದರು. ತದನಂತರದ ಎಲ್ಲ ಸವಾರಿಗಳಲ್ಲೂ ಇದೇ ಕ್ರಮ ಪಾಲನೆಯಾಗಿದೆ. ಅಧೀಕ್ಷಕರ ಮರ್ಯಾದೆಯ ಪ್ರಶ್ನೆಯಾದ್ದರಿಂದ ವಿಷಯವನ್ನು ಗೋಪ್ಯವಾಗಿಡಲಾಗಿತ್ತು.

೧೧. ಕಳೆದ ತಿಂಗಳು ಡಾ. ನಂದಕುಮಾರ್ ಅವರು ಇಬ್ಬರ ಬಿಪಿಯನ್ನೂ ನೋಡಿ, “ಅಮ್ಮ ಧಾರಾಳವಾಗಿ ಹತ್ಬೋದು. ಯಜಮಾನ್ರು ಸ್ವಲ್ಪ ಯೋಚ್ನೆ ಮಾಡಿ” ಎಂದು ನೀಡಿದ್ದ ಅಭಿಪ್ರಾಯವನ್ನು ಕೆಳಸಹಿದಾರರು ಕಡತದ ಅಡಿಗೆ ಸೇರಿಸಿದ್ದರು. ಈಗ ಅದನ್ನು ಮೇಲಕ್ಕೆ ತೆಗೆಯಲಾಗಿದೆ. ಮೇಲ್ಕಂಡ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ:

ಚೀಲ ಕಾಯುವ ಹುದ್ದೆಯಿಂದ ಶ್ರೀಮತಿ ಬಸವಲಿಂಗಮ್ಮನವರನ್ನು ತಕ್ಷಣದಿಂದಲೇ ಬಿಡುಗಡೆಗೊಳಿಸಿ, ಮೊದಲನೇ ಸಾಲಿನ ಸವಾರರನ್ನಾಗಿ, ಲಿಖಿತಾ ಅವರ ಬಲಗಡೆಯ ಸೀಟಿಗೆ ನೇಮಿಸಿದೆ. ತೆರವಾದ ಹುದ್ದೆಯ ಪ್ರಭಾರವನ್ನು ಕೆಳಸಹಿದಾರರು ಸಂತೋಷದಿಂದ, ನಿಜ ಹೇಳಬೇಕೆಂದರೆ ನೆಮ್ಮದಿಯ ನಿಟ್ಟುಸಿರಿನಿಂದ ವಹಿಸಿಕೊಂಡಿರುತ್ತಾರೆ. ಅವರು ಎಲ್ಲ ಚೀಲ ಮತ್ತು ಚಪ್ಪಲಿಗಳ ನಡುವೆ ಬೆಂಚಿನ ಮೇಲೆ ಕುಳಿತಿರತಕ್ಕದ್ದು, ನಿದ್ದೆ ಹೋಗತಕ್ಕದ್ದಲ್ಲ. ಬಸವಲಿಂಗಮ್ಮನವರು ಇಳಿದು ಬಂದೊಡನೆ ಮೇಲಿನಿಂದ ಏನೇನು ಕಂಡಿತೆಂದು ಕೇಳುವುದು ಅವರ ಕರ್ತವ್ಯ. ಉತ್ತರ ಎಷ್ಟೇ ದೀರ್ಘವಾಗಿರಲಿ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳತಕ್ಕದ್ದು.

ಈ ಆದೇಶಕ್ಕೆ ಬಸವಲಿಂಗಮ್ಮನವರ ಒಪ್ಪಿಗೆ ದೊರೆಯುವವರೆಗೆ ಯಾರೂ ಟಿಕೆಟಿನ ಗುಂಡಿ ಒತ್ತಕೂಡದು. ಒಪ್ಪಿಗೆ ಕೊಡಿರೆಂದು ಕೆಳಸಹಿದಾರರು ಕೈಮುಗಿದು ಆದೇಶಿಸಿರುತ್ತಾರೆ.

ಸಹಿ/-
ಸೋಮಲಿಂಗಪ್ಪ
ಮುಖ್ಯಸ್ಥರು, ಕುಟುಂಬ ವಿದೇಶ ಪ್ರವಾಸ ಇಲಾಖೆ
ಹಾಗೂ ಪ್ರಭಾರ ಚೀಲಪಾಲಕರು

ಪ್ರತಿಗಳು:

೧. ಫ್ರಿಜ್ ಬಾಗಿಲು, ಸಾರ್ವಜನಿಕ ಪ್ರಕಟಣೆಗಾಗಿ.
೨. ಶ್ರೀ ಸೋಮನಾಥ್. ದೋಸೆ ಪ್ರಕರಣದ ವಿವರಣೆಯನ್ನು ಮರುಸಲ್ಲಿಸಲು.
೩. ಶ್ರೀಮತಿ ತೇಜಸ್ವಿನಿ. ಶನಿವಾರ ನಾಲ್ಕೂವರೆಗೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಂಡಿರಲು.
೪. ಕುಮಾರಿ ಲಿಖಿತಾ. ಮಂಚದಡಿಯಿಂದ ಹೊರಬರಲು.
೫. ಕೆಳಮನೆಯ ಮುನಿಯಕ್ಕನವರು. ಐದು ದಿನ ಮಲ್ಲಿಗೆ ಗಿಡಕ್ಕೆ ನೀರು ಹಾಕಲು, ಮತ್ತು ಕಂಡಿಕೆ ೧೦ನ್ನು ಯಾರಿಗೂ ಹೇಳದಿರಲು.
೬. ಶ್ರೀಮತಿ ಬಸವಲಿಂಗಮ್ಮನವರು, ಸೊಪ್ಪಿನ ಬುಟ್ಟಿಯ ಮುಖಾಂತರ. ಈ ಪ್ರತಿಯು ಮಧ್ಯಾಹ್ನ ಹನ್ನೆರಡಕ್ಕೆ ಅವರ ಕೈಬರಹದ ಷರಾದೊಂದಿಗೆ ವಾಪಸು ಬಂದಿದೆ: “ಓದಿದೆ. ಬರ್ತೀನಿ. ನೀವು ಕಣ್ಣು ಮುಚ್ಕೊಂಡಿದ್ದು ಕೆಳಗಿಂದ ಚೆನ್ನಾಗಿ ಕಾಣ್ತಿತ್ತು.”