ಗ್ರಂಥಾಲಯದ ಮೊಹರು ಬಿದ್ದ ಗಂಡುಗಳ ಕುರಿತು ಸಮಜಾಯಿಷಿ

ಇಂದ,
ಭಾಗ್ಯ ಪಿ.,
ಸಹಾಯಕ ಗ್ರಂಥಪಾಲಕಿ,
ವಾಣಿಜ್ಯ ಮತ್ತು ವ್ಯವಹಾರ ಅಧ್ಯಯನ ಗ್ರಂಥಾಲಯ,
ಏಳುಸುತ್ತು ವಿಶ್ವವಿದ್ಯಾಲಯ, ಚಿತ್ರದುರ್ಗ.

ಗೆ,
ಮಾನ್ಯ ಕುಲಸಚಿವರು,
ಏಳುಸುತ್ತು ವಿಶ್ವವಿದ್ಯಾಲಯ, ಚಿತ್ರದುರ್ಗ.

ಮೂಲಕ: ಗ್ರಂಥಪಾಲಕರಾದ ಶ್ರೀ ಗುರುರಾಜ್ ಅವರು (ಓದಿ, ನಕ್ಕು, ಸಹಿ ಮಾಡಿರುತ್ತಾರೆ).

ದಿನಾಂಕ: 19-01-2026

ವಿಷಯ: ಗ್ರಂಥಾಲಯದ ಹೊಸ ಆನ್‌ಲೈನ್ ಡೇಟಾಬೇಸ್‌ಗಳನ್ನು ವರಪರೀಕ್ಷೆಗೆ ಬಳಸಿದ ಆರೋಪಕ್ಕೆ ಸಮಜಾಯಿಷಿ ನೀಡುವ ಹಾಗೂ ಎಂಟು ದಿನಗಳ ರಜೆ ಕೋರುವ ಬಗ್ಗೆ.

ಉಲ್ಲೇಖ: 1) ತಮ್ಮ ಸುತ್ತೋಲೆ: ‘ಡೇಟಾಬೇಸ್‌ಗಳನ್ನು ಸಾರ್ವಜನಿಕರೂ ಬಳಸಬಹುದು, ಬಂದವರನ್ನು ಹಿಂದಕ್ಕೆ ಕಳುಹಿಸತಕ್ಕದ್ದಲ್ಲ.’
2) ಮದುವೆ ದಲ್ಲಾಳಿ ಮುರುಗಪ್ಪನವರ ದೂರು.
3) ತಮ್ಮ ನೋಟಿಸು, ದಿನಾಂಕ 12-01-2026.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರಳು ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಅವಗಾಹನೆಗೆ ತರುತ್ತಾಳೆ.

1. ಕಳೆದ ಜೂನ್ ತಿಂಗಳಲ್ಲಿ ನಮ್ಮ ಗ್ರಂಥಾಲಯಕ್ಕೆ ನಾಲ್ಕು ಡೇಟಾಬೇಸ್‌ಗಳು ಬಂದವು. ಒಂದರಲ್ಲಿ ದೇಶದ ಕಂಪನಿಗಳ ಜಾತಕ, ಇನ್ನೊಂದರಲ್ಲಿ ಮಾರುಕಟ್ಟೆ ವರದಿಗಳು, ಉಳಿದೆರಡರಲ್ಲಿ ಸಂಶೋಧನಾ ಲೇಖನಗಳು. ಉದ್ಘಾಟನೆಯ ದಿನ ಸರಿಯಾದ ಮುಹೂರ್ತಕ್ಕೆ ಕರೆಂಟು ಹೋಯಿತು. ಆದ ಕಾರಣ ಮಾನ್ಯ ಕುಲಪತಿಗಳು ಕಪ್ಪು ಪರದೆಗೇ ಹೂವೇರಿಸಿ, ‘ಜ್ಞಾನದ ಬೆಳಕು’ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತನಾಡಿದರು.

2. ಜುಲೈ ತಿಂಗಳ ಒಟ್ಟು ಬಳಕೆ ಮೂರು. ಅದರಲ್ಲಿ ಎರಡು, ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅರ್ಜಿದಾರಳೇ ಒತ್ತಿ ನೋಡಿದ್ದು. ಮೂರನೆಯದು ಎಂ.ಬಿ.ಎ. ವಿದ್ಯಾರ್ಥಿಯೊಬ್ಬ ಕ್ರಿಕೆಟ್ ಸ್ಕೋರ್ ಹುಡುಕಿದ್ದು. ಈ ಅಂಕಿಅಂಶ ನೋಡಿದ ಗುರುರಾಜ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಭಾಗ್ಯಮ್ಮ, ಹಿಂಗಾದ್ರೆ ಬರೋ ವರ್ಷ ಇದನ್ನ ಕಿತ್ತಾಕ್ತಾರೆ. ನಿಮ್ಮನ್ನ ಪರೀಕ್ಷಾ ವಿಭಾಗಕ್ಕೆ ಎತ್ತಾಕ್ತಾರೆ. ಬಾಗಿಲಿಗೆ ಬಂದೋರು ಯಾರನ್ನೂ ಬಿಡಬ್ಯಾಡ್ರಿ.”

ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಫೇಲಾದವರ ತಂದೆಯರು ದಿನವೂ ನಿಲ್ಲುವುದನ್ನು ಅರ್ಜಿದಾರಳು ಹನ್ನೊಂದು ವರ್ಷದಿಂದ ನೋಡುತ್ತಾ ಬಂದಿದ್ದಾಳೆ. ಆದ್ದರಿಂದ ಮರುದಿನದಿಂದ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡಳು.

3. ಆಗಸ್ಟ್ ಹನ್ನೆರಡರಂದು ಭೀಮಸಮುದ್ರದ ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನವರು ಮಗಳು ಚೈತ್ರಾಳನ್ನು ಕರೆದುಕೊಂಡು ಬಂದರು. ಚೈತ್ರಾ ನಮ್ಮ ಎಂ.ಕಾಂ. ವಿದ್ಯಾರ್ಥಿನಿ. ಮದುವೆ ಗೊತ್ತಾದ ಕಾರಣ ಓದು ಬಿಡಿಸಿ ಟಿ.ಸಿ. ಪಡೆಯಬೇಕಿತ್ತು, ಅದಕ್ಕೆ ಗ್ರಂಥಾಲಯದ ಬೇಬಾಕಿ ಪತ್ರ ಬೇಕಿತ್ತು. ಹುಡುಗಿ ಪುಸ್ತಕಗಳನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದಳು.

“ಹುಡುಗ ಏನ್ ಮಾಡ್ತಾರ್ರಿ?” ಎಂದು ಅರ್ಜಿದಾರಳು ಕೇಳಿದಳು.

“ಸ್ವಂತ ಕಂಪನಿ ಐತಮ್ಮ, ಹುಬ್ಳಿಯಾಗೆ. ಇಪ್ಪತ್ತೊಂಬತ್ತಕ್ಕೇ ಡೈರೆಕ್ಟರು!”

“ಹೌದಾ? ಹಂಗಾದ್ರೆ ಕುಂತ್ಕಳ್ರಿ. ನಮ್ಮಲ್ಲಿ ಎಲ್ಲಾ ಕಂಪನೀದೂ ಐತೆ. ಅಳಿಯಂದೂ ನೋಡೇ ಹೋಗ್ರಿ.”

ಇದರಲ್ಲಿ ಅರ್ಜಿದಾರಳಿಗೆ ಯಾವ ದುರುದ್ದೇಶವೂ ಇರಲಿಲ್ಲ. ಆಗಸ್ಟ್ ತಿಂಗಳ ಮೊದಲ ಬಳಕೆ ದಾಖಲಾದರೆ ಸಾಕಿತ್ತು. ಹೆಸರು ಹಾಕಿದಳು, ಕಂಪನಿ ಸಿಕ್ಕಿತು. ಅದರ ನೋಂದಣಿ ರದ್ದಾಗಿ ಆರು ವರ್ಷವಾಗಿತ್ತು. ಪಂಚಾಕ್ಷರಪ್ಪನವರು ಪರದೆಗೆ ಮೂಗು ತಾಗಿಸಿ ಓದಿದರು. ಆ ಮಹಾಶಯ ಡೈರೆಕ್ಟರ್ ಆದ ವರ್ಷ 2004 ಎಂದಿತ್ತು. ಅಡಿಕೆ ವ್ಯಾಪಾರಿಗೆ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ.

“ಅಂದ್ರೆ ಎಂಟನೇ ವಯಸ್ಸಿಗೇ ಡೈರೆಕ್ಟರ್ ಆದ್ನಾ?”

ಮೊದಲು ನಕ್ಕವಳು ಚೈತ್ರಾ. ನಗು ತಡೆಯಲು ಹೋಗಿ ಬಿಕ್ಕಳಿಕೆ ಬಂತು, ಅರ್ಜಿದಾರಳು ನೀರು ಕೊಟ್ಟಳು. ಪಂಚಾಕ್ಷರಪ್ಪನವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, “ಆ ಪುಸ್ತಕ ಮತ್ತೆ ಎತ್ಕಳವ್ವ, ಹೋಗಾಣ,” ಎಂದರು. ಆ ಏಳು ಪುಸ್ತಕಗಳನ್ನು ಅದೇ ದಿನ ಅದೇ ವಿದ್ಯಾರ್ಥಿನಿಗೆ ಮರಳಿ ನೀಡಿದ ಬಗ್ಗೆ ದಾಖಲೆ ಇದೆ.

4. ಭೀಮಸಮುದ್ರದಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಬಸ್ಸಿಗೆ ದುರ್ಗ ಸೇರುತ್ತದೆ. ಒಂದೇ ವಾರದಲ್ಲಿ ಐಮಂಗಲ, ಹಿರಿಯೂರು, ಹೊಳಲ್ಕೆರೆ ಕಡೆಯ ಜನ ಗಂಡಿನ ಫೋಟೋ, ಜಾತಕ, ವಿಸಿಟಿಂಗ್ ಕಾರ್ಡು ಹಿಡಿದು ಬರತೊಡಗಿದರು. ಉಲ್ಲೇಖ ಒಂದರ ಸುತ್ತೋಲೆಯಂತೆ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿರಲಿಲ್ಲ. ಎಲ್ಲರಿಗೂ ಉಪಯೋಗವಾಯಿತೆಂದು ಹೇಳಲಾಗದು. ಹಿರೇಗುಂಟನೂರಿನ ರಂಗಕ್ಕ ಎಂಬುವವರು ಮೊಮ್ಮಗಳಿಗೆ ನೋಡಿದ ಗಂಡಿನ ಹೆಸರು ಹೇಳಿದರು. ಆತ ಬಸ್ ಕಂಡಕ್ಟರ್.

“ಅವರಿಗೆ ಕಂಪನಿ ಇಲ್ವಲ್ಲ ಅಜ್ಜಿ, ಇದ್ರಾಗೆ ಬರಲ್ಲ.”

“ಕಂಪನಿ ಬ್ಯಾಡವ್ವ. ಕುಡೀತಾನೋ ಇಲ್ವೋ, ಅಷ್ಟೇ ನೋಡು.”

“ಅದೂ ಬರಲ್ಲ.”

“ಮತ್ತೆ ಇಷ್ಟಗಲ ಟೀವಿ ಯಾತಕ್ ಇಟ್ಟಿದೀರೆ?”

ಈ ಪ್ರಶ್ನೆಯನ್ನು ಅರ್ಜಿದಾರಳು ಯಥಾವತ್ತಾಗಿ ಮೇಲಕ್ಕೆ ರವಾನಿಸುತ್ತಾಳೆ. ಮೇಲಧಿಕಾರಿಗಳ ಬಳಿ ಉತ್ತರವಿದ್ದಲ್ಲಿ ತಿಳಿಸುವುದು.

5. ಮೊಹರಿನ ದುರುಪಯೋಗದ ಬಗ್ಗೆ: ಗ್ರಂಥಾಲಯದಿಂದ ಹೊರಹೋಗುವ ಪ್ರತಿ ಹಾಳೆಗೂ ದುಂಡು ಮೊಹರು ಒತ್ತಬೇಕೆಂಬುದು ಹಳೆಯ ನಿಯಮ. ಅದರಂತೆ ಒತ್ತಲಾಗಿದೆ. ಜನ ಅದನ್ನು ಗಂಡಿಗೆ ಕೊಟ್ಟ ಸರ್ಟಿಫಿಕೇಟು ಎಂದು ತಿಳಿದರೆ ಅರ್ಜಿದಾರಳು ಹೊಣೆಯಲ್ಲ. ಮುರುಗಪ್ಪನವರ ದೂರಿನಲ್ಲಿ, ‘ಈಗ ಗ್ರಂಥಾಲಯದ ಸೀಲಿಲ್ಲದ ಗಂಡನ್ನು ಯಾರೂ ನಡುಮನೆಗೆ ಕರೆಯುತ್ತಿಲ್ಲ, ಇಪ್ಪತ್ತೆರಡು ವರ್ಷದ ನನ್ನ ಕಸುಬಿಗೆ ಕುತ್ತು ಬಂದಿದೆ’ ಎಂದಿದೆ. ಸದರಿ ದೂರು ಪ್ರಿಂಟಾದದ್ದು ನಮ್ಮ ಪ್ರಿಂಟರ್‌ನಲ್ಲೇ. ನಿಯಮದಂತೆ ಅದರ ಮೇಲೂ ಮೊಹರಿದೆ, ದಯಮಾಡಿ ಗಮನಿಸುವುದು.

6. ಅಕ್ಟೋಬರ್ ತಿಂಗಳ ಬಳಕೆ ನಾಲ್ಕುನೂರ ಹನ್ನೆರಡು. ಡೇಟಾಬೇಸ್ ಕಂಪನಿಯವರು ‘ನಿಮ್ಮ ಭಾಗದ ಉದ್ಯಮ ಸಂಶೋಧನಾ ಆಸಕ್ತಿ ಅಸಾಧಾರಣವಾದುದು’ ಎಂದು ಬರೆದರು. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೊಠಡಿಯಲ್ಲಿ ತೂಗುಹಾಕಿರುವುದು ತಮಗೆ ತಿಳಿದೇ ಇದೆ.

7. ಈಗ ನೋಟಿಸಿನಲ್ಲಿ ಇಲ್ಲದ ತಪ್ಪೊಂದನ್ನು ಅರ್ಜಿದಾರಳು ತಾನಾಗಿಯೇ ಒಪ್ಪಿಕೊಳ್ಳುತ್ತಾಳೆ. ಅಕ್ಟೋಬರ್ ನಾಲ್ಕರ ಶನಿವಾರ ಸುಮಾರು ಮೂವತ್ತೆಂಟು ವರ್ಷದ ಗಂಡಸೊಬ್ಬರು ಬಂದು, ಮಡಚಿದ ಹಾಳೆಯೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಹೆಸರು ತಿಪ್ಪೇಸ್ವಾಮಿ. ಹೊಸದುರ್ಗದ ಬಳಿ ತೆಂಗಿನ ನಾರು ತೆಗೆಯುವ ಸಣ್ಣ ಕಂಪನಿಯ ಮಾಲೀಕರು.

“ಮೇಡಂ, ಈ ಸೀಲು ನಿಮ್ದೇನ್ರಿ?”

“ಹೌದ್ರಿ.”

“ಈ ಕೆಂಪು ಗೆರೆ?”

ಸೆಪ್ಟೆಂಬರ್‌ನಲ್ಲಿ ಹೊಳಲ್ಕೆರೆಯ ಹೆಣ್ಣಿನ ಕಡೆಯವರಿಗೆ ಕೊಟ್ಟ ಹಾಳೆ ಅದು. ‘ಎರಡು ವರ್ಷ ನಷ್ಟ’ ಎಂದಿದ್ದ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆಯಿತ್ತು. ಮೊಹರು ಒತ್ತುವುದು ನಿಯಮ. ಗೆರೆ ಎಳೆಯುವುದು ಯಾವ ನಿಯಮದಲ್ಲೂ ಇಲ್ಲ. ಎಳೆದ ಕೈ ಅರ್ಜಿದಾರಳದು.

“ಅದೂ ನಂದೇ,” ಎಂದಳು.

“ಬರೆದಿರೋದು ಸುಳ್ಳೇನಲ್ಲ ಬಿಡ್ರಿ. ಲಾಸ್ ಆಗಿದ್ದು ನಿಜ. ಯಾಕೆ ಆತು ಅಂತ ಇದ್ರಾಗೆ ಎಲ್ಲೈತೆ, ಒಸಿ ತೋರಿಸ್ರಿ. ನಾನೂ ಓದ್ತೀನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಲಭವಿತ್ತು. ಅರ್ಜಿದಾರಳು ಅರ್ಧ ಗಂಟೆ ಹುಡುಕಿದಳು. ನಾಲ್ಕು ಡೇಟಾಬೇಸ್‌ಗಳಲ್ಲೂ ಅದು ಇರಲಿಲ್ಲ. ಕಡೆಗೆ ಅವರೇ ಹೇಳಿದರು. ಮೋಟಾರಿನ ಕಿಡಿ ಹಾರಿ ನಾರಿನ ಗೋದಾಮು ಒಂದು ಮಧ್ಯಾಹ್ನದಲ್ಲಿ ಬೂದಿಯಾಗಿತ್ತು. ಮತ್ತೆ ಗೋಡೆ ಎಬ್ಬಿಸಿ ಯಂತ್ರ ಕೂರಿಸಲು ಎರಡು ವರ್ಷ ಹಿಡಿದಿತ್ತು.

“ಹೆಣ್ಣಿನ ಕಡೆಯೋರು ಕೇಳ್ಲೇ ಇಲ್ರೀ. ಈ ಹಾಳೆ ಟೀಪಾಯಿ ಮೇಲೆ ಮಡಗಿ, ಕಾಫಿ ಕುಡ್ದು ಎದ್ದೋದ್ರು.”

ಅರ್ಜಿದಾರಳಿಗೆ ಮೂವತ್ತಾರು ವರ್ಷ. ತಂದೆ ತೀರಿಕೊಂಡ ಮೇಲೆ ಇಬ್ಬರು ತಂಗಿಯರ ಓದು, ಮದುವೆ ಮುಗಿಸುವಷ್ಟರಲ್ಲಿ ಅಷ್ಟಾಗಿತ್ತು. ಆಮೇಲೆ ಬಂದ ಮೂರು ಸಂಬಂಧಗಳು ಆ ಸಂಖ್ಯೆಯನ್ನು ಕೇಳಿದವು, ಅದರ ಕಾರಣ ಕೇಳದೆ ಎದ್ದು ಹೋದವು. ಅಂಥ ಅನುಭವವಿದ್ದವಳೇ ಕೆಂಪು ಪೆನ್ನು ಹಿಡಿದಿದ್ದಳು. ಆದ ಕಾರಣ ಆ ಹೊತ್ತು ಅವಳಿಗೆ ತಲೆ ಎತ್ತಲಾಗಲಿಲ್ಲ.

8. ಸುಮ್ಮನೆ ಕೂರಲಾಗದೆ ಅವಳು ಮಾರುಕಟ್ಟೆ ವರದಿಗಳಲ್ಲಿ ತೆಂಗಿನ ನಾರಿನದನ್ನು ತೆರೆದಳು. ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಇಟ್ಟಿಗೆಯಂತೆ ಅಚ್ಚೊತ್ತಿದರೆ, ಸಸಿ ಬೆಳೆಸುವವರು ಹೊರದೇಶಗಳಲ್ಲಿ ಕೊಳ್ಳುತ್ತಾರೆಂದು ಅದರಲ್ಲಿತ್ತು. ಅವಳು ಓದಿ ಕನ್ನಡದಲ್ಲಿ ಹೇಳಿದಳು.

“ಅಯ್ಯೋ, ಅದನ್ನ ನಾವು ಹಳ್ಳಕ್ಕೆ ಸುರೀತೀವಲ್ರೀ!” ಎಂದವರೇ ತಿಪ್ಪೇಸ್ವಾಮಿಯವರು ಕುರ್ಚಿ ಎಳೆದುಕೊಂಡು ಕೂತರು. ಬೀಗ ಹಾಕುವ ಹೊತ್ತಾದರೂ ಏಳಲಿಲ್ಲ. ಬಳಕೆದಾರರ ರಿಜಿಸ್ಟರಿನ ‘ಉದ್ದೇಶ’ ಕಾಲಮಿನಲ್ಲಿ ಅಲ್ಲಿಯವರೆಗೆ ಎಲ್ಲರೂ ‘ಗಂಡು ನೋಡಲು’ ಎಂದೇ ಬರೆದಿದ್ದರು. ಇವರು ‘ನಾರಿನ ಪುಡಿ’ ಎಂದು ಬರೆದರು. ವಿಶ್ವವಿದ್ಯಾಲಯವು ಯಾವುದಕ್ಕೆಂದು ಡೇಟಾಬೇಸ್ ತಂದಿತೋ ಅದಕ್ಕೇ ಅದು ಬಳಕೆಯಾದ ಮೊದಲ ದಿನ ಅದು.

9. ಹೀಗೆ ಎಂಟು ಶನಿವಾರ ಬಂದರು. ಅರ್ಜಿದಾರಳು ಅವರ ಹೆಸರನ್ನು ಮತ್ತೆ ಹುಡುಕಿಲ್ಲ. ಕೇಳಬೇಕಾದ್ದನ್ನು ಬಾಯಲ್ಲೇ ಕೇಳಿದಳು, ಅವರೂ ಕೇಳಿದರು. ಒಂಬತ್ತನೆಯ ಶನಿವಾರ ಅವರು ಹೆಸರು, ಊರು ಬರೆದು ‘ಉದ್ದೇಶ’ದ ಕಾಲಂ ಖಾಲಿ ಬಿಟ್ಟರು.

“ಅದನ್ನೂ ತುಂಬ್ರಿ,” ಎಂದಳು.

“ಬಾಯಾಗೆ ಹೇಳಿದ್ರೆ ನಡೆಯಲ್ವ?”

“ಇಲ್ರಿ. ಬರೀಲೇಬೇಕು.”

ಅವರು ಪೆನ್ನು ಹಿಡಿದು ಸಣ್ಣ ಅಕ್ಷರದಲ್ಲಿ ‘ಹೆಣ್ಣು ಕೇಳಲು’ ಎಂದು ಬರೆದರು. ಅರ್ಜಿದಾರಳು ಎರಡು ಸಲ ಓದಿಕೊಂಡು, ಎಲ್ಲಾ ಕಾಲಂ ಭರ್ತಿಯಾಗಿರುವುದನ್ನು ಖಚಿತಪಡಿಸಿಕೊಂಡು, ನಿಯಮದಂತೆ ಆ ನಮೂದಿಗೆ ಕಿರುಸಹಿ ಹಾಕಿರುತ್ತಾಳೆ.

ಅಂದು ಸಂಜೆ ಮನೆಯಲ್ಲಿ ತಾಯಿ ದಾಕ್ಷಾಯಣಮ್ಮನವರು ರೊಟ್ಟಿ ತಟ್ಟುತ್ತಲೇ ಎಲ್ಲಾ ಕೇಳಿಸಿಕೊಂಡರು.

“ಲಾಸಿನ ಕಂಪನಿ ಅಂತೀಯ?”

“ಹೂಂ ಕಣವ್ವ. ಬೆಂಕಿ ಬಿದ್ದು ಲಾಸಾಗಿದ್ದು.”

“ನಿಮ್ಮಪ್ಪಂಗೆ ಕಂಪನೀನೇ ಇರ್ಲಿಲ್ಲ. ಬರಾಕ್ ಹೇಳು.”

10. ಈಗಲೂ ಜನ ಬರುತ್ತಾರೆ. ಮೊಹರು ಒತ್ತುವುದು ನಿಂತಿಲ್ಲ. ಆದರೆ ಪ್ರತಿ ಹಾಳೆಯ ಕೆಳಗೆ ಅರ್ಜಿದಾರಳು ನೀಲಿ ಪೆನ್ನಿನಲ್ಲಿ, ‘ಕಾರಣವನ್ನು ಸಂಬಂಧಪಟ್ಟವರ ಬಾಯಿಂದಲೇ ಕೇಳುವುದು’ ಎಂದು ಬರೆದುಕೊಡುತ್ತಿದ್ದಾಳೆ. ಕೆಲವರು ಓದುತ್ತಾರೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಗಣಿಸಿ, (ಅ) ನೋಟಿಸನ್ನು ಕೈಬಿಡಬೇಕಾಗಿಯೂ, (ಆ) ಡೇಟಾಬೇಸ್‌ಗಳನ್ನು ಬರುವ ವರ್ಷವೂ ಸಾರ್ವಜನಿಕರಿಗೆ ಮುಂದುವರಿಸಬೇಕಾಗಿಯೂ, (ಇ) ಶಿವರಾತ್ರಿ ಕಳೆದ ಮರು ಭಾನುವಾರ, ಅಂದರೆ ಫೆಬ್ರುವರಿ ಇಪ್ಪತ್ತೆರಡರಂದು ಹೊಸದುರ್ಗದಲ್ಲಿ ಅರ್ಜಿದಾರಳ ಮದುವೆ ನಿಶ್ಚಯವಾಗಿರುವ ಕಾರಣ ಎಂಟು ದಿನಗಳ ಗಳಿಕೆ ರಜೆ ಮಂಜೂರು ಮಾಡಬೇಕಾಗಿಯೂ ಕೋರಿದೆ. ಗ್ರಂಥಾಲಯದ ಬಳಕೆದಾರರನ್ನು ಸಿಬ್ಬಂದಿ ಮದುವೆಯಾಗಬಾರದೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ಗುರುರಾಜ್ ಸರ್ ಎರಡು ಬಾರಿ ಓದಿ ನೋಡಿದ್ದಾರೆ.

ಸದ್ಯಕ್ಕೆ ತಮ್ಮ ನೌಕರಳೂ, ಎಂದಿಗೂ ವಿಶ್ವಾಸಿಯೂ ಆದ,
(ಭಾಗ್ಯ ಪಿ.)

ಲಗತ್ತುಗಳು:
1) ಬಳಕೆದಾರರ ರಿಜಿಸ್ಟರಿನ ನಕಲು, ನವೆಂಬರ್ 29ರ ಪುಟ ಸಹಿತ.
2) ಕೆಂಪು ಗೆರೆಯ ಹಾಳೆ (ಮೂಲಪ್ರತಿ ತಿಪ್ಪೇಸ್ವಾಮಿಯವರ ಜೇಬಿನಲ್ಲಿದೆ, ಕೊಡಲು ಒಪ್ಪುತ್ತಿಲ್ಲ. ನಕಲು ಮಾತ್ರ).
3) ಲಗ್ನಪತ್ರಿಕೆ ಒಂದು. ಮೂಲೆಗಳಿಗೆ ಅರಿಶಿನ ಹಚ್ಚಿರುವುದರಿಂದ ಕಡತಕ್ಕೆ ಹೊಲಿಯಬಾರದಾಗಿ ವಿನಂತಿ.

ವಿಶೇಷ ಸೂಚನೆ: ಶಿಸ್ತುಕ್ರಮ ಅನಿವಾರ್ಯವೆಂದು ತಮಗೆ ಕಂಡುಬಂದಲ್ಲಿ, ಅದನ್ನು ಫೆಬ್ರುವರಿ ಇಪ್ಪತ್ತಮೂರರ ನಂತರ ಕೈಗೊಳ್ಳಬೇಕಾಗಿ ಪ್ರಾರ್ಥನೆ. ಹೆಣ್ಣು ಕಾಯಂ ನೌಕರಿಯಲ್ಲಿದ್ದಾಳೆಂದು ಗಂಡಿನ ಕಡೆಯವರಿಗೆ ಈಗಾಗಲೇ ತಿಳಿಸಲಾಗಿದ್ದು, ನಮ್ಮ ಕಡೆಯಿಂದ ತಪ್ಪು ಮಾಹಿತಿ ಹೋಗಬಾರದು.