ಕೋಟಿನ ಕೋಣೆಯ ಹಿಡಿ ಅಕ್ಕಿ

ನಮ್ಮ ದೊಡ್ಡಮ್ಮನ ಪಾಲಿಗೆ ಕ್ಯಾಲಿಫೋರ್ನಿಯಾ ಎಂದರೆ ಇನ್ನೊಂದು ಹುಡುಗಿಯರ ಬೋರ್ಡಿಂಗು. ಅಳತೆಯಲ್ಲಿ ಸ್ವಲ್ಪ ದೊಡ್ಡದು, ಶಿಸ್ತಿನಲ್ಲಿ ಬಹಳ ಚಿಕ್ಕದು, ಅಷ್ಟೇ ವ್ಯತ್ಯಾಸ! ಗದಗದ ಕಡೆಯ ಮಿಷನ್ ಬೋರ್ಡಿಂಗೊಂದರಲ್ಲಿ ಜೀವಮಾನವೆಲ್ಲ ಮೇಟ್ರನ್ ಆಗಿದ್ದವಳಿಗೆ ಬೇರೆ ಹೇಗೆ ತಾನೇ ಕಂಡೀತು? ವಿಮಾನ ನಿಲ್ದಾಣದಿಂದ ಫ್ರೀಮಾಂಟಿಗೆ ಕರೆತರುವಾಗ ಫ್ರೀವೇಯಲ್ಲಿ ಕಾರುಗಳು ಗೆರೆ ದಾಟದೆ ಹೋಗುತ್ತಿದ್ದುದನ್ನು ನೋಡಿ, "ಸಾಲಿನ್ಯಾಗ ಹೊಂಟಾರ. ಚೊಲೋ ಮಕ್ಕಳು" ಎಂದು ಮೆಚ್ಚಿದಳು. ಅಷ್ಟರಲ್ಲಿ ನನ್ನ ಗಂಡ ಲೇನು ಬದಲಿಸಿದ. "ನಿನ್ನ ಗಂಡಗ ಸಾಲಿನ್ಯಾಗ ನಿಲ್ಲೂದು ಯಾರೂ ಕಲಿಸಿಲ್ಲೇನು?" ಎಂದು ನನ್ನನ್ನು ಕೇಳಿದಳು. ಗಂಡ ಮನೆ ಮುಟ್ಟುವವರೆಗೂ ಮತ್ತೆ ಲೇನು ಬದಲಿಸಲಿಲ್ಲ, ನಮ್ಮ ಎಕ್ಸಿಟ್ಟೂ ತಪ್ಪಿಹೋಯಿತು.

ಅವಳು ನನ್ನ ಸ್ವಂತ ದೊಡ್ಡಮ್ಮನೇನಲ್ಲ. ಅಮ್ಮ ಚಿಕ್ಕವಳಿದ್ದಾಗ ಬೋರ್ಡಿಂಗು ಸೇರಿದಳಂತೆ. ಅಲ್ಲಿ ಅವಳ ಹೇನು ಬಾಚಿ, ಜಡೆ ಹಾಕಿ, ಮಗ್ಗಿ ಕಲಿಸಿದ ಹಿರಿಯ ಹುಡುಗಿ ಇವಳು. ಅಮ್ಮ ಓದಿ ಹೊರಗೆ ಬಂದಳು. ಇವಳು ಅಲ್ಲೇ ಉಳಿದು ಮೇಟ್ರನ್ ಆದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಊರ ಹುಡಿಗ್ಯಾರ ತಲಿ ಬಾಚೂದ್ರಾಗ ನನ್ನ ತಲಿ ಬಾಚಿಕೊಳ್ಳಾಕ ಹೊತ್ತು ಸಿಗಲಿಲ್ಲ, ಇನ್ನ ಮದವಿ ಎಲ್ಲಿಂದ?" ಎನ್ನುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಎಂದರೆ ಅವಳೇ ಆಗಿದ್ದಳು. ಆರು ತಿಂಗಳಿಗೆಂದು ಕರೆಸಿಕೊಂಡು, ವೀಸಾ ಎಳೆದು ಒಂದು ವರ್ಷ ಇಟ್ಟುಕೊಂಡೆ.

ಆಗ ಡಾಟ್‌ಕಾಮ್ ಕಾಲ. ಮನೆಗೆ ಬಂದ ಅತಿಥಿಗಳು ಕಾಫಿ ಕುಡಿಯುವ ಮುಂಚೆಯೇ ತಮ್ಮ ಕಂಪನಿಯ ಸ್ಟಾಕು ಎಷ್ಟಕ್ಕೆ ಏರಿತೆಂದು ಹೇಳುತ್ತಿದ್ದರು. ನಮ್ಮ ಕನ್ನಡ ಕ್ರೈಸ್ತ ಸಭೆಗೂ ಆ ಗಾಳಿ ತಾಗಿತ್ತು. ಸಭೆ ಎಂದರೆ ಬೆರಳೆಣಿಕೆಯ ಕುಟುಂಬಗಳು. ನಮಗೆ ಸ್ವಂತ ದೇವಾಲಯವಿರಲಿಲ್ಲ. ಅಮೆರಿಕನ್ನರ ಚರ್ಚೊಂದರಲ್ಲಿ ಅವರ ಆರಾಧನೆ ಮುಗಿದು ಅವರು ಊಟಕ್ಕೆ ಹೋದ ಮೇಲೆ, ಭಾನುವಾರ ಮಧ್ಯಾಹ್ನ ಅವರ ಸಭಾಂಗಣ ಬಾಡಿಗೆಗೆ ಸಿಗುತ್ತಿತ್ತು. ನಮ್ಮ ಪಾದ್ರಿಗಳಾದ ಅಯ್ಯನವರು ವಾರದ ದಿನಗಳಲ್ಲಿ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದರು, ಭಾನುವಾರ ನಮ್ಮಲ್ಲಿ.

ದೊಡ್ಡಮ್ಮ ಬಂದ ಮೊದಲ ಭಾನುವಾರ ಅಯ್ಯನವರು ಆ ವರ್ಷದ ಸೇವಾ ಯೋಜನೆಯನ್ನು ಪರದೆಯ ಮೇಲೆ ತೋರಿಸಿದರು. ಸಂಡೇ ಸ್ಕೂಲು, ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡುವುದು, ಓಕ್ಲ್ಯಾಂಡಿನಲ್ಲಿ ಮನೆಯಿಲ್ಲದವರಿಗೆ ಊಟ ಹಾಕುವ ಕಡೆಗೆ ನೆರವು, ಎಲ್ಲವೂ ಇತ್ತು. ಕೊನೆಗೆ ಸಭೆಯ ಬೆಳವಣಿಗೆ ಎಂದು ಒಂದು ಹಸಿರು ಬಾಣ, ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ. ಆ ಕಾಲದಲ್ಲಿ ಬಾಣವಿಲ್ಲದ ಸ್ಲೈಡನ್ನು ಯಾರು ನೋಡುತ್ತಿದ್ದರು? ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಎದ್ದು ನಿಂತಳು.

"ಅಯ್ನೋರ, ಬಾಣ ಮ್ಯಾಲ ಹೊಂಟೈತಿ. ಖರೆ. ಅದು ಬೀಳೂದು ಎಲ್ಲೆ ಅಂತ ನೋಡೀರೇನು?"

ಅಯ್ಯನವರು ನಕ್ಕು, "ಅದು ಜಸ್ಟು ಒಂದು ಗ್ರಾಫಿಕ್ಕು, ದೊಡ್ಡಮ್ಮ" ಎಂದರು.

"ಇರಲಿ. ಹಿಡಿ ಅಕ್ಕಿ ಎಲ್ಲೈತಿ?"

ಯಾರಿಗೂ ತಿಳಿಯಲಿಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಬೆಂಗಳೂರು ಮೈಸೂರುಗಳಲ್ಲಿ ಬೆಳೆದವರು. ಹಿಡಿ ಅಕ್ಕಿಯ ಪದ್ಧತಿ ಅವರ ಅಜ್ಜಿಯರೊಂದಿಗೇ ಮುಗಿದಿತ್ತು. ದೊಡ್ಡಮ್ಮ ಮಕ್ಕಳಿಗೆ ಪಾಠ ಹೇಳುವವಳಂತೆ ವಿವರಿಸಿದಳು. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಇಡಬೇಕು. ಭಾನುವಾರ ಅದನ್ನು ಸಭೆಗೆ ತರಬೇಕು. ಹೆಚ್ಚಿದ್ದರಲ್ಲಿ ಕೊಡುವುದಲ್ಲ, ಅಳೆದದ್ದರಲ್ಲಿ ಕೊಡುವುದು. ಅಂದರೆ ಅವತ್ತು ಮನೆಯವರೆಲ್ಲ ಒಂದೊಂದು ತುತ್ತು ಕಡಿಮೆ ಉಣ್ಣಬೇಕು.

ನಮ್ಮ ಖಜಾಂಚಿಯವರು ಇಂಟರ್ನೆಟ್ಟಿನಲ್ಲಿ ತರಕಾರಿ ಮಾರುವ ಹೊಸ ಕಂಪನಿಯಲ್ಲಿದ್ದರು. "ಒಳ್ಳೆ ಐಡಿಯಾನೇ. ಆದ್ರೆ ಅಕ್ಕಿ ಹೊತ್ಕೊಂಡು ಬರೋದ್ಯಾಕೆ? ಎಲ್ರೂ ಒಂದೊಂದು ಚೆಕ್ಕು ಬರೆದ್ರೆ ಆಯ್ತಲ್ವಾ, ಮಚ್ ಮೋರ್ ಎಫಿಶಿಯೆಂಟು" ಎಂದರು.

"ಚೆಕ್ ಬರದ್ರ ಹೊಟ್ಟಿಗೆ ಏನೂ ಗೊತ್ತಾಗೂದಿಲ್ಲಪಾ" ಎಂದಳು ದೊಡ್ಡಮ್ಮ.

ಮುಂದಿನ ವಾರದೊಳಗೆ ಅವಳು ಒಂದು ನೀಲಿ ಡ್ರಮ್ಮು ಸಂಪಾದಿಸಿದಳು. ನಮ್ಮ ಅಪಾರ್ಟ್‌ಮೆಂಟಿನ ಹಳೆಯ ದಪ್ಪ ಪರದೆಗಳನ್ನು ಕತ್ತರಿಸಿ ಮನೆಗೊಂದರಂತೆ ಚೀಲ ಹೊಲಿದಳು. ಎಲ್ಲ ಚೀಲವೂ ಒಂದೇ ಬಣ್ಣ, ಒಂದೇ ಅಳತೆ. ಪ್ರತಿ ಚೀಲದಲ್ಲೂ ಮಡಚಿದ ಟವೆಲೊಂದು ಇರಲೇಬೇಕೆಂದು ಆಜ್ಞೆಯಾಯಿತು. ಯಾಕೆ? "ಅಕ್ಕಿ ಚೆಲ್ಲಿದ್ರ ಒರಸಾಕ." ಅಕ್ಕಿ ಚೆಲ್ಲಿದರೆ ಗುಡಿಸುತ್ತಾರೋ ಒರೆಸುತ್ತಾರೋ? ಕೇಳುವ ಧೈರ್ಯ ಯಾರಿಗಿತ್ತು! ಟವೆಲಿನಿಂದಾಗಿ ಎಲ್ಲರ ಚೀಲವೂ ಹೋಗುವಾಗಲೂ ಬರುವಾಗಲೂ ಬಸುರಿಯಂತೆ ಉಬ್ಬಿಕೊಂಡೇ ಇರುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಡ್ರಮ್ಮನ್ನು ಅವಳು ಎಲ್ಲರಿಗೂ ಕಾಣುವಂತೆ ಪೀಠದ ಮುಂದೆ ಇಡಲಿಲ್ಲ. ಸಭಾಂಗಣದ ಹಿಂದುಗಡೆ ಕೋಟುಗಳನ್ನು ನೇತುಹಾಕುವ ಕಿರುಕೋಣೆಯೊಂದಿತ್ತು, ಅಲ್ಲಿ ಇಟ್ಟಳು. ಒಬ್ಬೊಬ್ಬರೇ ಒಳಗೆ ಹೋಗಬೇಕು, ಬಾಗಿಲು ಹಾಕಿಕೊಳ್ಳಬೇಕು, ಹೊರಗೆ ಬರಬೇಕು. ಅಯ್ಯನವರಿಗೂ ರಿಯಾಯಿತಿ ಇಲ್ಲ. ಆರಾಧನೆ ಮುಗಿದ ಮೇಲೆ ದೊಡ್ಡ ದೊಡ್ಡ ಎಂಜಿನಿಯರುಗಳು ಚೀಲ ಹಿಡಿದು ಕೋಟಿನ ಕೋಣೆಯ ಮುಂದೆ ಸಾಲು ನಿಂತಿರುವ ದೃಶ್ಯವನ್ನು ನೀವು ನೋಡಬೇಕಿತ್ತು. ಐದು ವರ್ಷದ ನನ್ನ ಮಗಳಿಗೆ ಡೇಕೇರಿನಲ್ಲಿ ತಪ್ಪು ಮಾಡಿದವರನ್ನು ಮೂಲೆಯಲ್ಲಿ ಕೂರಿಸುವುದು ಗೊತ್ತಿತ್ತು. "ಅಮ್ಮಾ, ವೈ ಈಸ್ ದ ರೈಸ್ ಇನ್ ಟೈಮೌಟ್?" ಎಂದು ಕೇಳಿದಳು.

ತಿಂಗಳು ಕಳೆಯುವುದರೊಳಗೆ ಡ್ರಮ್ಮು ತುಂಬಿತು. ಓಕ್ಲ್ಯಾಂಡಿನ ಊಟದ ಮನೆಯವರು ಬಿಡಿ ಅಕ್ಕಿ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ತಮ್ಮ ಅಡುಗೆಮನೆಗೇ ಬಂದು ಬೇಯಿಸಿಕೊಡಿ ಎಂದರು. ಹೋದೆವು. ಅಲ್ಲಿ ನಮ್ಮ ಸಭೆಯ ನಿಜಸ್ಥಿತಿ ಬಯಲಾಯಿತು. ಡ್ರಮ್ಮಿನಲ್ಲಿ ಬಾಸ್ಮತಿ, ಸೋನಾ ಮಸೂರಿ, ಮಂಗಳೂರಿನವರ ಕುಚ್ಚಲಕ್ಕಿ, ಡಯಟ್ ಮಾಡುವವರ ಕಂದು ಅಕ್ಕಿ, ಎಲ್ಲವೂ ಬೆರೆತುಹೋಗಿದ್ದವು. ಬಾಸ್ಮತಿ ಕರಗಿ ಅಂಟಾದಾಗಲೂ ಕುಚ್ಚಲಕ್ಕಿ ಕಲ್ಲಿನಂತೆಯೇ ಇತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿ ಇನ್ನಷ್ಟು ನೀರು ಸುರಿದು, ಶುಂಠಿ ಜಜ್ಜಿ ಹಾಕಿ, ಎಲ್ಲ ಅಕ್ಕಿಯೂ ಸೋಲೊಪ್ಪುವವರೆಗೆ ಕುದಿಸಿ ಗಂಜಿ ಮಾಡಿದಳು. ಅಲ್ಲಿಗೆ ಊಟಕ್ಕೆ ಬಂದಿದ್ದ ಚೀನೀ ಮುದುಕಿಯೊಬ್ಬಳು ಒಂದು ಬಟ್ಟಲು ಕುಡಿದು, ಎರಡನೆಯದನ್ನು ಕೇಳಿ ಪಡೆದು, ದೊಡ್ಡಮ್ಮನ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ದೊಡ್ಡಮ್ಮ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಏನು ಮಾತಾಡಿದಿರಿ ಎಂದು ಕೇಳಿದರೆ, "ಉಪ್ಪು ಕಡಿಮಿ ಆಗೈತಂತ" ಎಂದಳು.

ಆ ಗಂಜಿಯೇ ನಮ್ಮ ಸಭೆಯನ್ನು ಬೆಳೆಸಿತು. ಭಾನುವಾರವೂ ಆರಾಧನೆಯ ನಂತರ ಗಂಜಿ, ಉಪ್ಪಿನಕಾಯಿ ಶುರುವಾಯಿತು. ಬರ್ಕ್ಲಿಯಿಂದ ಹಸಿದ ವಿದ್ಯಾರ್ಥಿಗಳು ಬಂದರು. ನಮ್ಮ ಅಪಾರ್ಟ್‌ಮೆಂಟಿನ ಮಂಡ್ಯ, ಹಾಸನದ ಹಿಂದೂ ಕುಟುಂಬದವರೂ, "ಪ್ರಾರ್ಥನೆ ನಿಮ್ದು, ಗಂಜಿ ಎಲ್ರುದು ಅಲ್ವೇನ್ರಿ?" ಎನ್ನುತ್ತ ಬಂದರು. ದೊಡ್ಡಮ್ಮ ಅವರಿಗೂ ಒಂದೊಂದು ಚೀಲ ಹೊಲಿದುಕೊಟ್ಟಳು. ಮನೆಯಲ್ಲಿ ಪರದೆಗಳೆಲ್ಲ ಮುಗಿದು, ನಾವು ಕಿಟಕಿಗೆ ಬೆಡ್‌ಶೀಟು ಕಟ್ಟಿಕೊಂಡೆವು.

ಆಮೇಲೆ ಬಾಣ ಬಿತ್ತು.

ಎಲ್ಲಿ ಎಂದು ಹೇಳಬೇಕಿಲ್ಲವಷ್ಟೆ. ಸ್ಟಾಕಿನ ಮಾತು ನಿಂತಿತು. ಮೊದಲು ಕಂಪನಿಗಳ ಬೋರ್ಡು ಇಳಿದವು, ಆಮೇಲೆ ಅಪಾರ್ಟ್‌ಮೆಂಟುಗಳ ಮುಂದೆ ಮಾರಾಟಕ್ಕಿಟ್ಟ ಸೋಫಾಗಳು ಕಾಣಿಸಿಕೊಂಡವು. ಯಾರೂ ತಮಗೆ ಕೆಲಸ ಹೋಯಿತು ಎನ್ನುತ್ತಿರಲಿಲ್ಲ. "ಸ್ವಲ್ಪ ಬ್ರೇಕು ತಗೊಂಡಿದೀನಿ" ಎನ್ನುತ್ತಿದ್ದರು. ಸಭೆಯಲ್ಲಿ ಜನ ಹೆಚ್ಚುತ್ತಲೇ ಹೋದರು, ಕೋಟಿನ ಕೋಣೆಯ ಸಾಲೂ ಉದ್ದವಾಯಿತು. ಆದರೆ ಡ್ರಮ್ಮು ಮಾತ್ರ ಇಳಿಯತೊಡಗಿತು.

ಕಮಿಟಿ ಮೀಟಿಂಗಿನಲ್ಲಿ ಖಜಾಂಚಿಯವರು ವಿಷಯ ಎತ್ತಿದರು. "ಲೈನು ಡಬ್ಬಲ್ಲಾಗಿದೆ, ಅಕ್ಕಿ ಅರ್ಧ ಆಗಿದೆ. ಸಂಥಿಂಗ್ ಈಸ್ ರಾಂಗು. ಒಂದು ಸಣ್ಣ ವೆಬ್‌ಕ್ಯಾಮು ಹಾಕ್ಬಿಡೋಣ, ಯಾರು ಅಂತ ಗೊತ್ತಾಗತ್ತೆ." ನನಗೂ ಅದು ಸರಿ ಎನ್ನಿಸಿತು. ಅಕ್ಕಿ ಕದಿಯುವುದೆಂದರೇನು, ಅದೂ ದೇವರ ಮನೆಯಲ್ಲಿ!

ಮೂಲೆಯಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಕೇಳಿದಳು. "ಡ್ರಮ್ಮು ತುಂಬಾಕ ಇಟ್ಟದ್ದು ಅಂತ ನಿಮಗ ಯಾರು ಹೇಳಿದ್ರು?"

ಖಜಾಂಚಿಯವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು.

"ಬೋರ್ಡಿಂಗಿನ್ಯಾಗ ಹಿಂಗ ಒಂದು ಕತ್ತಲಿ ಖೋಲಿ ಇತ್ತು. ಊರ ಮಂದಿ ಬಂದು ಹಾಕತಿದ್ರು. ಊರ ಮಂದೀನ ಬಂದು ತಗೊಂಡ ಹೋಗತಿದ್ರು. ನಮ್ಮವ್ವ ನನ್ನ ಬೋರ್ಡಿಂಗಿಗೆ ಬಿಡೂಕಿಂತ ಮದಲ ಅಲ್ಲಿಂದನ ತಂದು ಉಣಸ್ಯಾಳ. ಆಕೀನ ಯಾರೂ ನೋಡಲಿಲ್ಲ. ಅದಕ್ಕ ಆಕಿ ತಲಿ ಎತ್ತಿಕೊಂಡು ನಡದಾಡಿದ್ಲು." ಬಟಾಣಿಯ ಸಿಪ್ಪೆಯನ್ನು ಒಟ್ಟುಮಾಡಿ ಎದ್ದಳು. "ಕ್ಯಾಮರಾ ಹಾಕ್ರಿ. ನನ್ನ ಡ್ರಮ್ಮು ನಾ ಹೊತಗೊಂಡ ಹೋಗತೀನಿ."

ಕ್ಯಾಮರಾ ಹಾಕಲಿಲ್ಲ. ಕೆಲವು ವಾರಗಳ ಮೇಲೆ ಇಂಟರ್ನೆಟ್ಟಿನ ತರಕಾರಿ ಕಂಪನಿ ಬಾಗಿಲು ಮುಚ್ಚಿತೆಂದು ಪತ್ರಿಕೆಯಲ್ಲಿ ಬಂತು. ಆ ಭಾನುವಾರ ಖಜಾಂಚಿಯವರು ಚೀಲ ಹಿಡಿದು ಎಲ್ಲರಂತೆ ಸಾಲಿನಲ್ಲಿ ನಿಂತಿದ್ದರು. ಒಳಗೆ ಹಾಕಿದರೋ ತೆಗೆದರೋ ನನಗೆ ಗೊತ್ತಿಲ್ಲ. ಗೊತ್ತಾಗದಿರುವುದು ಎಂಥ ಮರ್ಯಾದೆ ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಆಮೇಲೆ ನಮ್ಮ ಸರದಿ. ನನ್ನ ಗಂಡನ ಆಫೀಸಿನಲ್ಲಿ ಒಂದು ಬೆಳಿಗ್ಗೆ ಎಲ್ಲರನ್ನೂ ಮೀಟಿಂಗಿಗೆ ಕರೆದು, ಮಧ್ಯಾಹ್ನದೊಳಗೆ ಸಾಮಾನು ತುಂಬಿಕೊಳ್ಳಲು ರಟ್ಟಿನ ಡಬ್ಬಿ ಕೊಟ್ಟು ಮನೆಗೆ ಕಳಿಸಿದರು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಗಂಡನಿಗೆ ಹೊಸ ಕೆಲಸ ಬೇಗ ಸಿಗದಿದ್ದರೆ ಅವನ ವೀಸಾವೂ ಹೋಗಿ, ಊರಿಗೆ ಗಂಟುಮೂಟೆ ಕಟ್ಟಬೇಕಿತ್ತು. ನಾವಿಬ್ಬರೂ ಸೇರಿ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದೆವು, ದೊಡ್ಡಮ್ಮನಿಗಂತೂ ಹೇಳಲೇಬಾರದು. ಅಷ್ಟು ದೂರದಿಂದ ಕರೆಸಿಕೊಂಡವಳ ಮುಂದೆ ಕೈ ಖಾಲಿ ಎನ್ನುವುದು ಹೇಗೆ? ಗಂಡ ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಡ್‌ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. "ವರ್ಕ್ ಫ್ರಂ ಹೋಮು, ದೊಡ್ಡಮ್ಮ. ಈಗೆಲ್ಲ ಇದೇ ಫ್ಯಾಷನ್ನು" ಎಂದೆ. "ಹೌದೇನು? ಚೊಲೋ ಆತು, ಲೇನು ಬದಲಿಸೂದು ತಪ್ಪಿತು" ಎಂದಳು.

ಹೊಟ್ಟೆಗಿಲ್ಲದಷ್ಟು ಬಡವರಾಗಿದ್ದೆವು ಎಂದರೆ ಸುಳ್ಳಾದೀತು. ಆದರೆ ಬಾಡಿಗೆ ಎಲ್ಲವನ್ನೂ ನುಂಗುತ್ತಿತ್ತು. ಇಂಡಿಯನ್ ಗ್ರಾಸರಿಯಲ್ಲಿ ಒಂದು ದಿನ ದೊಡ್ಡ ಅಕ್ಕಿ ಮೂಟೆಯನ್ನು ತಳ್ಳುಬಂಡಿಗೆ ಎತ್ತಿಹಾಕಿ, ಒಂದು ಸುತ್ತು ಸುತ್ತಿ, ತಿರುಗಿ ತಂದು ಅದರ ಜಾಗದಲ್ಲೇ ಇಟ್ಟೆ. ದೊಡ್ಡಮ್ಮ ಬೇಳೆಗಳ ಕಡೆ ನಿಂತು ತೊಗರಿಬೇಳೆಯ ಗುಣದೋಷ ನೋಡುತ್ತಿದ್ದಳು, ಗಮನಿಸಿರಲಾರಳು ಎಂದುಕೊಂಡೆ. ಮನೆಯಲ್ಲಿ ಅನ್ನಕ್ಕಿಡುವಾಗ ಮಾತ್ರ ಅವಳು ಎಂದಿನಂತೆ ಪಾತ್ರೆಯಿಂದ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಈ ಮುದುಕಿಗೆ ಅಕ್ಕಿ ಡಬ್ಬಿಯ ತಳ ಕಾಣುತ್ತಿಲ್ಲವೇ? ಆದರೆ ವಿಚಿತ್ರವೆಂದರೆ ಆ ವಾರ ಡಬ್ಬಿ ನಾನು ಹೆದರಿದಷ್ಟು ಬೇಗ ಖಾಲಿಯಾಗಲಿಲ್ಲ.

ಭಾನುವಾರ ದೊಡ್ಡಮ್ಮ ಚೀಲವನ್ನು ಬಿಗಿಯಾಗಿ ಗಂಟು ಹಾಕಿ ನನ್ನ ಕೈಗಿತ್ತಳು. ಯಾವಾಗಲೂ ತಾನೇ ಸಾಲಿನಲ್ಲಿ ನಿಲ್ಲುವವಳು, "ಇವತ್ತ ನೀ ಹೋಗವಾ, ನನಗ ಮೊಣಕಾಲು ನೋಯಾಕತ್ತಾವ" ಎಂದಳು. ನನ್ನ ಸರದಿ ಬಂದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಂಟು ಬಿಚ್ಚಿದೆ. ಟವೆಲನ್ನು ಹೊರಗೆ ತೆಗೆದು ಚೀಲವನ್ನು ಡ್ರಮ್ಮಿನ ಮೇಲೆ ಬೋರಲು ಹಾಕಿದೆ.

ಏನೂ ಬೀಳಲಿಲ್ಲ.

ಕೈಹಾಕಿ ತಡಕಾಡಿದೆ. ಒಂದು ಕಾಳೂ ಇರಲಿಲ್ಲ. ವಾರವಿಡೀ ನನ್ನ ಕಣ್ಣೆದುರೇ ತೆಗೆದ ಹಿಡಿಗಳನ್ನು ಅವಳು ನಾನಿಲ್ಲದಾಗ ನಮ್ಮ ಡಬ್ಬಿಗೇ ಸುರಿದಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಟವೆಲು ಯಾಕೆಂದು ನನಗೂ ಆಗ ಗೊತ್ತಾಯಿತು. ಯಾರೋ ಅಪರಿಚಿತರು ಬಿಟ್ಟುಹೋದ ಕೋಟುಗಳ ನಡುವೆ ನಿಂತು ಅದೇ ಟವೆಲಿಗೆ ಮುಖ ಒತ್ತಿ ಅತ್ತೆ. ಆಮೇಲೆ ಬಾಸ್ಮತಿ, ಮಸೂರಿ, ಕುಚ್ಚಲಕ್ಕಿ, ಕೈಗೆ ಬಂದದ್ದನ್ನು ಚೀಲಕ್ಕೆ ತುಂಬಿಕೊಂಡು, ಮೇಲೆ ಟವೆಲು ಮುಚ್ಚಿ ಗಂಟು ಹಾಕಿದೆ.

ಬಾಗಿಲು ತೆರೆದಾಗ ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣು ಕೆಂಪಾಗಿದ್ದಿರಬೇಕು. ಅಷ್ಟರಲ್ಲಿ ಬೆಂಚಿನ ಮೇಲಿಂದ ದೊಡ್ಡಮ್ಮ ಸಭಾಂಗಣಕ್ಕೆಲ್ಲ ಕೇಳುವಂತೆ ಗದರಿದಳು. "ಒಂದು ಹಿಡಿ ಅಕ್ಕಿ ಹಾಕಾಕ ಎಷ್ಟೊತ್ತು ಮಾಡತೀಯವಾ? ಕೊಡೂ ಮುಂದ ಇಷ್ಟ್ ಜಿಪುಣತನ ಇರಬಾರದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಎದ್ದು ಬಂದು, ನೋಯುತ್ತಿದ್ದ ಮೊಣಕಾಲಿನ ನೆನಪೇ ಇಲ್ಲದವಳಂತೆ, ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು.