ಲಿಫ್ಟಣ್ಣ ಸುಮ್ಮನೆ ಕೂತ ದಿನ

ಕೆಲಸ ಇಲ್ಲ ಅಂತ ತೋರಿಸಿಕೊಳ್ಳುವುದು ಕೆಲಸ ಮಾಡುವುದಕ್ಕಿಂತ ಕಷ್ಟ. ನಂಬದಿದ್ದರೆ ನಮ್ಮ ಕಟ್ಟಡದ ಲಿಫ್ಟಣ್ಣನನ್ನು ಕೇಳಿ.

ಹದಿನೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ಕಂಪನಿ ಡಿಗ್ರಿ ಇಲ್ಲವೆಂದು ಮನೆಗೆ ಕಳಿಸಿತ್ತು. ಪುಣ್ಯಾತ್ಮ ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಕಾಲೇಜು ಸೇರಲು ಹೊರಟ. ಕೆಲಸ ಕಳೆದುಕೊಂಡು ಓದಲು ಬರುವವರಿಗೆ ಸರ್ಕಾರವೇ ಫೀಸು ಕಟ್ಟುತ್ತದಂತೆ. ಆದರೆ ಮನೆಗೆ ಬಂದು ನೋಡುವ ಅಧಿಕಾರಿಗೆ ಇವನ ಕೈಯಲ್ಲಿ ಯಾವ ಕೆಲಸವೂ ಕಾಣಬಾರದು. ಅವರು ಬರುವ ದಿನ ಸಂಜೆಯೊಳಗೆ ಸಹಿ ಬೀಳದಿದ್ದರೆ ಸೀಟೂ ಹೋದಂತೆ.

ಕೆಳಮನೆಯ ರಿಟೈರ್ಡ್ ಮೇಷ್ಟ್ರು ಆ ದಿನ ಬೆಳಿಗ್ಗೆಯೇ ಬಂದು ಹೆದರಿಸಿದರು. "ಸ್ಪ್ಯಾನರ್ ಕೈಯಲ್ಲಿ ಕಂಡ್ರೆ ಮುಗೀತು ನಿನ್ ಕತೆ. ಬಲ್ಬ್ ಕೂಡ ಬದಲಾಯಿಸ್ಬೇಡ."

ಲಿಫ್ಟಣ್ಣನ ಅತ್ತೆ ಟೂಲ್ ಬಾಕ್ಸನ್ನು ಹಾಸಿಗೆ ರಾಶಿಯ ಕೆಳಗೆ ಹೂತಿಟ್ಟರು. ಹೆಂಡತಿ ಅವನ ಉಗುರಿನ ಗ್ರೀಸನ್ನು ಉಜ್ಜಿ ಉಜ್ಜಿ ತೆಗೆದಳು. ಲಿಫ್ಟಣ್ಣ ಫೋಟೋಗೆ ಕೂತ ಮದುಮಗನಂತೆ ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಕೂತ.

ಹನ್ನೊಂದಕ್ಕೆ ದಡ್ ಅಂತ ಸದ್ದು. ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿತ್ತು. ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದು, ಸಿಕ್ಕಿಹಾಕಿಕೊಂಡಿರುವುದು ಅಧಿಕಾರಿಯೇ ಎಂದರು.

ರಿಪೇರಿ ಮಾಡಿದರೆ ಫೀಸು ಹೋಯಿತು. ಮಾಡದಿದ್ದರೆ ಸಹಿ ಹಾಕುವವರೇ ಹೋದರು. ಲಿಫ್ಟಣ್ಣ ಅರ್ಧ ಗಂಟೆ ಕುರ್ಚಿಯ ತೋಳು ಹಿಡಿದು ಕೂತ. ಬಡಿತ ಸಣ್ಣದಾಗುತ್ತ ಬಂತು.

"ರೀ, ಈಗ ಸದ್ದೇ ಇಲ್ಲ" ಎಂದಳು ಹೆಂಡತಿ.

ಅಷ್ಟೇ. ಹಾಸಿಗೆಗಳನ್ನು ಕಿತ್ತೆಸೆದು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಟೂಲ್ ಬಾಕ್ಸ್ ಹಿಡಿದು ಮೆಟ್ಟಿಲಿಳಿದ. ಹತ್ತೇ ನಿಮಿಷದಲ್ಲಿ ಬಾಗಿಲು ತೆಗೆದು, ಬೆವರಿನಲ್ಲಿ ಮಿಂದ ಅಧಿಕಾರಿಯನ್ನು ಈಚೆಗೆಳೆದು, ತುಟಿ ಬಿಚ್ಚದೆ ಮೇಲಕ್ಕೆ ಓಡಿದ. ಅಧಿಕಾರಿ, ಮೇಷ್ಟ್ರ ಹೆಗಲು ಹಿಡಿದುಕೊಂಡು ನಾಲ್ಕನೇ ಮಹಡಿಯ ಮನೆ ತಲುಪಿದಾಗ, ಲಿಫ್ಟಣ್ಣ ಕುರ್ಚಿಯಲ್ಲಿದ್ದ. ಎದೆ ಮಾತ್ರ ಹಳೇ ಮೋಟಾರಿನಂತೆ ಹೊಡೆದುಕೊಳ್ಳುತ್ತಿತ್ತು.

ಅಧಿಕಾರಿ ನೀರು ಕುಡಿದು, ಅವನ ಖಾಲಿ ಕೈ ನೋಡಿ, ಪೆನ್ನು ತೆಗೆದರು. ನಿಬ್ಬು ಕಾಗದ ಮುಟ್ಟುವಷ್ಟರಲ್ಲಿ ತಲೆಯೆತ್ತಿದರು.

"ಅಂದ್ಹಾಗೆ, ನನ್ನ ಹೊರಗೆ ತೆಗೆದ ಆ ಟವೆಲ್‌ನವರು ಯಾರು? ನಮ್ಮ ಆಫೀಸಲ್ಲಿ ಲಿಫ್ಟ್ ನೋಡ್ಕೊಳ್ಳೋ ಕೆಲಸ ಖಾಲಿ ಇದೆ. ಅವರಿಗೇ ಕೊಡಿಸ್ತೀನಿ."

ಲಿಫ್ಟಣ್ಣ ಬೇಡ ಬೇಡ ಅಂತ ಮೇಷ್ಟ್ರಿಗೆ ಕಣ್ಸನ್ನೆ ಮಾಡಿದ. ಬೆಳಿಗ್ಗೆ ತಾವೇ ಹೆದರಿಸಿದ್ದನ್ನು ಮರೆತು ಮೇಷ್ಟ್ರು ಪೂರಿಯಂತೆ ಉಬ್ಬಿದ್ದರು.

"ಇವ್ನೇ ಸಾರ್. ಈ ಲಿಫ್ಟನ್ನ ಪೂರಾ ಇವ್ನೇ ನೋಡ್ಕೊಳ್ಳೋದು."

ಅಧಿಕಾರಿ ಎದ್ದು ಲಿಫ್ಟಣ್ಣನ ಕೈ ಕುಲುಕಿದರು. ಕೂತು, ಅರ್ಜಿಯ ಮೇಲೆ 'ಕೆಲಸದಲ್ಲಿದ್ದಾರೆ' ಎಂದು ಬರೆದರು. ಫೀಸಿಗಿಂತ ಒಳ್ಳೆಯದು, ಕೆಲಸವೇ ಸಿಕ್ಕಿತಲ್ಲ ಅಂತ ಸಮಾಧಾನ ಹೇಳಿ, ಚೀಲದಿಂದ ಆಫೀಸಿನ ಕೆಲಸದ ಫಾರಂ ಎಳೆದು, ಅವನ ಹೆಸರು, ವಯಸ್ಸು, ವಿಳಾಸ ಎಲ್ಲ ತಾವೇ ತುಂಬಿದರು.

"ಇನ್ನೊಂದೇ ಬಾಕಿ," ಎಂದರು. "ನಿಮ್ದು ಯಾವ ಡಿಗ್ರಿ?"